ಮದುವೆ ಫೋಟೋಗ್ರಫಿ ಶುರು ಮಾಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನ, ಚನ್ನರಾಯಪಟ್ಟಣ, ಮೈಸೂರು ಸುತ್ತಮುತ್ತಲಿನ ಮದುವೆಗಳೇ ನನ್ನ ಕೆಲಸ. ಹೊಸಬರು ಫೋನ್ ಮಾಡಿ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಮೊದಲ ಪ್ರಶ್ನೆ ಯಾವಾಗಲೂ ಕ್ಯಾಮೆರಾ ಬಗ್ಗೆ. ನನ್ನ ಪ್ರಕಾರ ಈ ವ್ಯಾಪಾರಕ್ಕೆ ಅದಕ್ಕಿಂತ ಮುಖ್ಯವಾದದ್ದು ಎರಡಿದೆ. ಶಾಸ್ತ್ರಗಳ ಕ್ರಮ ಗೊತ್ತಿರಬೇಕು. ಒಪ್ಪಿಕೊಂಡ ದಿನಕ್ಕೆ ಆಲ್ಬಮ್ ಕೈಗೆ ಕೊಡಬೇಕು. ಇಲ್ಲಿರುವ ಉತ್ತರಗಳಲ್ಲಿ ಈ ಎರಡು ಮಾತು ಮತ್ತೆ ಮತ್ತೆ ಬರುತ್ತವೆ.

## ಯಾವ ಕ್ಯಾಮೆರಾ ತಗೊಳ್ಳಲಿ?

ಎರಡು ಮೆಮೊರಿ ಕಾರ್ಡ್ ಹಾಕುವ ಜಾಗ ಇರುವ ಯಾವ ಫುಲ್ ಫ್ರೇಮ್ (ದೊಡ್ಡ ಸೆನ್ಸರ್ ಇರುವ) ಕ್ಯಾಮೆರಾ ಆದರೂ ಸಾಕು. ಸೋನಿ, ಕ್ಯಾನನ್, ನಿಕಾನ್ ಮೂರರಲ್ಲೂ ಒಳ್ಳೆಯ ಮದುವೆ ಫೋಟೋ ಬರುತ್ತದೆ. ನೀವು ಯಾರ ಜೊತೆ ಕೆಲಸ ಕಲಿಯುತ್ತೀರೋ ಅವರ ಹತ್ತಿರ ಯಾವ ಕಂಪನಿಯದ್ದು ಇದೆಯೋ ಅದನ್ನೇ ತಗೊಳ್ಳಿ. ಲೆನ್ಸ್, ಬ್ಯಾಟರಿ ಅದಲು ಬದಲು ಮಾಡಿಕೊಳ್ಳಬಹುದು.

ದುಡ್ಡು ಕಡಿಮೆ ಇದ್ದರೆ ಬಾಡಿ (ಲೆನ್ಸ್ ಬಿಟ್ಟು ಕ್ಯಾಮೆರಾ ಮಾತ್ರ) ಸೆಕೆಂಡ್ ಹ್ಯಾಂಡ್ ತಗೊಳ್ಳಿ, ಆದರೆ ಕ್ಲಿಕ್ ಎಷ್ಟಾಗಿದೆ ಅಂತ ನೋಡಿ. ಮೆಕ್ಯಾನಿಕಲ್ ಶಟರ್‌ಗೆ ಕಂಪನಿಗಳು ಸಾಮಾನ್ಯವಾಗಿ ಒಂದೂವರೆಯಿಂದ ಎರಡು ಲಕ್ಷ ಕ್ಲಿಕ್ ಆಯಸ್ಸು ಹೇಳುತ್ತವೆ. ಒಂದು ಮದುವೆಗೆ 3,000 ಕ್ಲಿಕ್ ಅಂದರೆ, ವರ್ಷಕ್ಕೆ 30 ಮದುವೆ ಮಾಡುವವರ ಕ್ಯಾಮೆರಾ 90,000 ಕ್ಲಿಕ್ ಮುಗಿಸಿರುತ್ತದೆ. ಎರಡು ವರ್ಷ ಮದುವೆ ಮಾಡಿದ ಬಾಡಿ ಹೊರಗಿನಿಂದ ಹೊಸದರಂತೆ ಕಂಡರೂ ಒಳಗೆ ಸವೆದಿರುತ್ತದೆ.

ಲೆನ್ಸ್‌ನಲ್ಲಿ 24-70 ಎಫ್ 2.8 ಮೊದಲು. ಎಫ್ ಅಂಕಿ ಕಡಿಮೆ ಇದ್ದಷ್ಟೂ ಬೆಳಕು ಜಾಸ್ತಿ ಒಳಗೆ ಬರುತ್ತದೆ. ಅದು ಕೈಗೆಟುಕದಿದ್ದರೆ 35 ಮತ್ತು 85 ಎಂಎಂ ಎಫ್ 1.8 ಜೋಡಿಯಿಂದ ಶುರು ಮಾಡಿ. 70-200 ಬೇಕಾದ ದಿನ ಬಾಡಿಗೆಗೆ ಸಿಗುತ್ತದೆ. ಒಂದು ಸ್ಪೀಡ್‌ಲೈಟ್ (ಕ್ಯಾಮೆರಾ ಮೇಲೆ ಕೂರಿಸುವ ಫ್ಲ್ಯಾಶ್), ಅದನ್ನು ದೂರದಿಂದ ಹೊತ್ತಿಸುವ ಒಂದು ಟ್ರಿಗರ್, ನಾಲ್ಕು ಬ್ಯಾಟರಿ ನಿಮ್ಮದೇ ಇರಲಿ. ಇವನ್ನು ಸಾಲ ಕೇಳಿಕೊಂಡು ಮದುವೆಗೆ ಹೋಗಬೇಡಿ.

## ಕೋರ್ಸ್ ಮಾಡಲೇಬೇಕಾ? ಎಲ್ಲಿ ಕಲಿಯೋದು?

ದೊಡ್ಡ ಫೀಸ್ ಕಟ್ಟುವ ಮೊದಲು ನಿಮ್ಮ ಜಿಲ್ಲೆಯ ಆರ್‌ಸೆಟಿ ಕೇಂದ್ರಕ್ಕೆ ಒಮ್ಮೆ ಹೋಗಿ ಬನ್ನಿ. ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆ ಅಂತ ಬೋರ್ಡ್ ಇರುತ್ತದೆ, ಬ್ಯಾಂಕುಗಳು ನಡೆಸುತ್ತವೆ. ಫೋಟೋಗ್ರಫಿ ಮತ್ತು ವಿಡಿಯೋಗ್ರಫಿ ಅಲ್ಲಿ ಕಲಿಸುವ ಕೋರ್ಸುಗಳಲ್ಲಿ ಒಂದು. ಊಟ, ವಸತಿ ಸಮೇತ ಉಚಿತ. ಇದಕ್ಕೆ ಮಾದರಿಯಾದದ್ದೇ ನಮ್ಮ ಉಜಿರೆಯ ರುಡ್‌ಸೆಟ್. ಅದು ಧರ್ಮಸ್ಥಳದ ಟ್ರಸ್ಟ್ ಮತ್ತು ಎರಡು ಬ್ಯಾಂಕುಗಳು ಸೇರಿ 1982ರಲ್ಲಿ ಶುರು ಮಾಡಿದ ಸಂಸ್ಥೆ. ಅಲ್ಲಿ ಕಲಿತವರಿಗೆ ಬ್ಯಾಂಕ್ ಸಾಲದ ದಾರಿಯನ್ನೂ ತೋರಿಸುತ್ತಾರೆ. ಹಳ್ಳಿಯ ಹುಡುಗ ಹುಡುಗಿಯರಿಗೆ ಇದಕ್ಕಿಂತ ಒಳ್ಳೆಯ ಬಾಗಿಲು ನನಗೆ ಗೊತ್ತಿಲ್ಲ. ಆದರೂ ಎಷ್ಟೋ ಜನ ಇದರ ಹೆಸರೇ ಕೇಳಿರುವುದಿಲ್ಲ ಅನ್ನೋದು ಬೇಜಾರಿನ ಸಂಗತಿ.

ಬೆಂಗಳೂರಿನಲ್ಲಿ ಇರುವವರಿಗೆ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಇದೆ, 1971ರಿಂದ ನಡೆದುಕೊಂಡು ಬಂದದ್ದು. ಅಲ್ಲಿ ಮದುವೆ ಕೆಲಸ ಕಲಿಸುವುದಿಲ್ಲ, ಆದರೆ ಫೋಟೋ ನೋಡುವ ಕಣ್ಣು ಬೆಳೆಯುತ್ತದೆ.

## ಅಸಿಸ್ಟೆಂಟ್ ಆಗಿ ಎಷ್ಟು ಕಾಲ ಇರಬೇಕು?

ಕನಿಷ್ಠ ಒಂದು ಪೂರ್ತಿ ಸೀಸನ್. ಲೈಟ್ ಹಿಡಿಯಿರಿ, ಬ್ಯಾಗ್ ಹೊರಿ, ಕಾರ್ಡ್ ಕಾಪಿ ಮಾಡಿ. ಮುಹೂರ್ತದ ಹೊತ್ತಿಗೆ ಸೀನಿಯರ್ ಎಲ್ಲಿ ನಿಲ್ಲುತ್ತಾರೆ, ಪುರೋಹಿತರ ಜೊತೆ ಹೇಗೆ ಮಾತಾಡುತ್ತಾರೆ, ಹುಡುಗಿಯ ಸೋದರಮಾವ ಕೋಪ ಮಾಡಿಕೊಂಡಾಗ ಏನು ಹೇಳುತ್ತಾರೆ ಅಂತ ಗಮನಿಸಿ. ಯೂಟ್ಯೂಬ್‌ನಲ್ಲಿ ಲೈಟಿಂಗ್ ಕಲಿಯಬಹುದು, ಇದನ್ನು ಕಲಿಯಲು ಆಗುವುದಿಲ್ಲ. ಇನ್ನೊಂದು ಮಾತು. ಸೀನಿಯರ್ ಜೊತೆ ಹೋದ ಮದುವೆಯಲ್ಲಿ ನಿಮ್ಮ ವಿಸಿಟಿಂಗ್ ಕಾರ್ಡ್ ಹಂಚಬೇಡಿ. ಆ ಫೋಟೋಗಳನ್ನು ನಿಮ್ಮ ಪೇಜಿಗೆ ಹಾಕುವ ಮೊದಲು ಅವರನ್ನು ಕೇಳಿ.

## ಶಾಸ್ತ್ರಗಳು ಅಷ್ಟಾಗಿ ಗೊತ್ತಿಲ್ಲ. ಏನು ಮಾಡಲಿ?

ಇದೇ ಎಲ್ಲಕ್ಕಿಂತ ಮುಖ್ಯ ಪ್ರಶ್ನೆ, ಆದರೆ ತುಂಬಾ ಕಡಿಮೆ ಜನ ಕೇಳುತ್ತಾರೆ.

ಹಳೆ ಮೈಸೂರು ಕಡೆಯ ಮದುವೆ ಸಾಮಾನ್ಯವಾಗಿ ಹೀಗೆ ನಡೆಯುತ್ತದೆ. ಮನೆಯಲ್ಲಿ ಚಪ್ಪರ, ಅರಿಶಿನ ಶಾಸ್ತ್ರ. ಸಂಜೆ ಛತ್ರದಲ್ಲಿ ವರನನ್ನು ಎದುರುಗೊಳ್ಳುವುದು, ಆಮೇಲೆ ಆರತಕ್ಷತೆ. ಮಾರನೇ ಬೆಳಿಗ್ಗೆ ಗೌರಿಪೂಜೆ, ಕೆಲವರಲ್ಲಿ ಕಾಶಿಯಾತ್ರೆ. ನಂತರ ಅಂತರಪಟ, ಜೀರಿಗೆ ಬೆಲ್ಲ, ಹಾರ ಬದಲಾಯಿಸುವುದು, ಧಾರೆ, ಮಾಂಗಲ್ಯಧಾರಣೆ. ಆಮೇಲೆ ಸಪ್ತಪದಿ, ಲಾಜಹೋಮ, ಅರುಂಧತಿ ದರ್ಶನ. ಕೊನೆಗೆ ಹೆಣ್ಣು ಒಪ್ಪಿಸುವುದು. ಮನೆಯಿಂದ ಮನೆಗೆ, ಜಾತಿಯಿಂದ ಜಾತಿಗೆ ಕ್ರಮ ಸ್ವಲ್ಪ ಬದಲಾಗುತ್ತದೆ. ಹಾಗಾಗಿ ಹಿಂದಿನ ದಿನವೇ ಪುರೋಹಿತರಿಗೆ ನಮಸ್ಕಾರ ಹೇಳಿ, "ಸ್ವಾಮಿ, ನಾಳೆ ಕ್ರಮ ಹೇಗೆ?" ಅಂತ ಕೇಳಿ ಬರೆದುಕೊಳ್ಳಿ. ಹೀಗೆ ಕೇಳಿದವರನ್ನು ಕಂಡರೆ ಅವರಿಗೂ ಖುಷಿ. ಮರುದಿನ ಜನ ಅಡ್ಡ ಬಂದಾಗ ಅವರೇ "ಸ್ವಲ್ಪ ಫೋಟೋದವರಿಗೆ ಜಾಗ ಬಿಡಿ" ಅನ್ನುತ್ತಾರೆ.

ಈಗ ಮೂರು ಘಳಿಗೆಗಳ ಬಗ್ಗೆ ಹೇಳುತ್ತೇನೆ.

ಅಂತರಪಟ ಸರಿಯುವ ಹೊತ್ತು. ಪರದೆ ಇಳಿದ ತಕ್ಷಣ ಇಬ್ಬರೂ ಒಬ್ಬರ ತಲೆ ಮೇಲೆ ಒಬ್ಬರು ಜೀರಿಗೆ ಬೆಲ್ಲ ಹಾಕುತ್ತಾರೆ. ಎರಡು ಮೂರು ಸೆಕೆಂಡಿನ ಕೆಲಸ. ಇಬ್ಬರ ಮುಖವೂ ಬೇಕು, ಅವರು ಎದುರು ಬದುರು ಇದ್ದಾರೆ. ಒಬ್ಬರೇ ಇದ್ದರೆ ಪರದೆಯ ಪಕ್ಕದಿಂದ ಅಗಲದ ಲೆನ್ಸ್‌ನಲ್ಲಿ ಇಬ್ಬರನ್ನೂ ಹಿಡಿಯಿರಿ. ಇಬ್ಬರು ಫೋಟೋಗ್ರಾಫರ್ ಇದ್ದರೆ ಆ ಕಡೆ ಒಬ್ಬರು, ಈ ಕಡೆ ಒಬ್ಬರು ನಿಲ್ಲಿ. ಯಾರು ಎಲ್ಲಿ ಅಂತ ಮೊದಲೇ ಮಾತಾಡಿಕೊಂಡಿರಬೇಕು.

ಧಾರೆ. ಎಲ್ಲರೂ ಕೈ ಮೇಲೆ ಬೀಳುವ ಹಾಲು, ನೀರು, ತೆಂಗಿನಕಾಯಿ ಕಡೆಗೇ ಕ್ಯಾಮೆರಾ ತಿರುಗಿಸುತ್ತಾರೆ. ಅದನ್ನು ತೆಗೆಯಿರಿ. ಆದರೆ ಆ ಹೊತ್ತಿನಲ್ಲಿ ಹುಡುಗಿಯ ಅಪ್ಪ ಅಮ್ಮನ ಮುಖ ಬಿಡಬೇಡಿ. ವರ್ಷಗಳ ನಂತರ ಆ ಮನೆಯವರು ಆಲ್ಬಮ್ ತೆರೆದಾಗ ನಿಲ್ಲುವುದು ಆ ಪುಟದಲ್ಲಿ.

ಮಾಂಗಲ್ಯಧಾರಣೆ. ಗಟ್ಟಿಮೇಳ ಶುರುವಾದ ಕೂಡಲೇ ಅಕ್ಷತೆ ಮಳೆಯಂತೆ ಬೀಳುತ್ತದೆ, ನೆಂಟರೆಲ್ಲ ಫೋನ್ ಎತ್ತಿಕೊಂಡು ಮುಂದೆ ಬರುತ್ತಾರೆ. ಫೋಕಸ್ ಅಕ್ಕಿಕಾಳಿನ ಮೇಲೆ ಹೋಗಿ ಕೂರುವ ಅಪಾಯ ಇದೆ. ಮುಖ ಗುರುತಿಸುವ ಆಟೋಫೋಕಸ್ ಆನ್ ಮಾಡಿ, ಅಪರ್ಚರ್ ಎಫ್ 4ರ ಆಸುಪಾಸು ಇಡಿ. ಎಫ್ 1.8ರ ಆಸೆ ಅಲ್ಲಿ ಬೇಡ, ಅದರಲ್ಲಿ ಫೋಕಸ್ ಆಗುವ ಜಾಗ ತೀರಾ ಕಡಿಮೆ. ಶಟರ್ ಸೆಕೆಂಡಿನ 250ನೇ ಒಂದು ಭಾಗಕ್ಕಿಂತ ನಿಧಾನ ಬೇಡ. ಮಂಟಪದ ಮೆಟ್ಟಿಲ ಮೇಲೆ ನಿಮ್ಮ ಜಾಗವನ್ನು ಹತ್ತು ನಿಮಿಷ ಮೊದಲೇ ಹಿಡಿದುಕೊಳ್ಳಿ. ವಿಡಿಯೋದವರ ಜೊತೆ ಜಗಳ ಬೇಡ. ಅವರೂ ಅದೇ ಒಂದು ಕ್ಷಣಕ್ಕೆ ಬಂದಿದ್ದಾರೆ.

"ಇನ್ನೊಂದ್ಸಲ ಕಟ್ಟಿ ಸರ್, ಫೋಟೋ ಬಂದಿಲ್ಲ" ಅಂತ ಯಾವತ್ತೂ ಹೇಳಬೇಡಿ. ಹಾರವನ್ನು ಬೇಕಾದರೆ ಮತ್ತೆ ಹಾಕಿಸಬಹುದು. ತಾಳಿಯನ್ನು ಹಾಗೆ ಮಾಡಿಸಬಾರದು.

## ನಮ್ಮದಲ್ಲದ ಸಮುದಾಯದ ಮದುವೆ ಒಪ್ಪಿಕೊಳ್ಳಬಹುದಾ?

ಖಂಡಿತ, ಆದರೆ ಮೊದಲು ಆ ಮನೆಯ ಹಿರಿಯರ ಜೊತೆ ಅರ್ಧ ಗಂಟೆ ಕೂತು ಕೇಳಿಕೊಳ್ಳಿ. ಉತ್ತರ ಕರ್ನಾಟಕದ ಮದುವೆಗಳಲ್ಲಿ ನಾಲ್ಕು ಮೂಲೆಗೆ ತಂಬಿಗೆ ಇಟ್ಟು ದಾರ ಸುತ್ತುವ ಸುರಗಿ ಶಾಸ್ತ್ರ ಬರುತ್ತದೆ, ಅದು ನಮ್ಮ ಕಡೆಯವರಿಗೆ ಹೊಸದು. ಕೊಡವರ ಮದುವೆಯಲ್ಲಿ ಪುರೋಹಿತರು, ಹೋಮ ಇರುವುದಿಲ್ಲ. ಬಾಳೆ ಕಡಿಯುವುದು, ವಾಲಗಕ್ಕೆ ಕುಣಿಯುವುದು, ಗಂಗಾಪೂಜೆ ಇರುತ್ತದೆ. ಗಂಗಾಪೂಜೆಯಲ್ಲಿ ಮದುಮಗಳು ನೀರಿನ ಕೊಡ ಹೊತ್ತು ಬರುವಾಗ ಹುಡುಗನ ಕಡೆಯವರು ಎದುರು ಕುಣಿದು ದಾರಿ ತಡೆಯುತ್ತಾರೆ. ಇದು ಗಂಟೆಗಟ್ಟಲೆ ನಡೆಯಬಹುದು, ಬ್ಯಾಟರಿ ಉಳಿಸಿಕೊಂಡಿರಿ. ಮಂಗಳೂರು ಕಡೆಯ ಕ್ಯಾಥೊಲಿಕರಲ್ಲಿ ಮದುವೆಗೆ ಮೊದಲು ರೋಸ್ ಇದೆ, ತೆಂಗಿನ ಹಾಲು ಹಚ್ಚುವ ಶಾಸ್ತ್ರ. ಕ್ಯಾಮೆರಾಗೆ ನೀರು ಬೀಳದ ಕವರ್ ಬೇಕು. ಚರ್ಚಿನೊಳಗೆ ಫ್ಲ್ಯಾಶ್ ಬಳಸಬಹುದಾ, ಎಲ್ಲಿಯವರೆಗೆ ಹೋಗಬಹುದು ಅಂತ ಫಾದರ್ ಅವರನ್ನು ಕೇಳಿ. ಮುಸ್ಲಿಂ ಮದುವೆಗಳಲ್ಲಿ ಹೆಂಗಸರ ಕಡೆಗೆ ಹೆಣ್ಣು ಫೋಟೋಗ್ರಾಫರ್ ಬೇಕು ಅಂತ ಎಷ್ಟೋ ಮನೆಯವರು ಕೇಳುತ್ತಾರೆ.

ಮಂತ್ರಮಾಂಗಲ್ಯದ ಮದುವೆ, ಅಂದರೆ ಕುವೆಂಪು ತೋರಿಸಿದ ಸರಳ ಮದುವೆ, ಬಂದರೆ ನೆನಪಿಡಿ, ಪ್ರತಿಜ್ಞೆ ಓದಿ ಹಾರ ಹಾಕಿದರೆ ಮುಗಿಯಿತು. ತಡವಾಗಿ ಹೋದರೆ ಊಟದ ಫೋಟೋ ಮಾತ್ರ ಸಿಗುತ್ತದೆ.

## ಛತ್ರದ ಬೆಳಕಿನಲ್ಲಿ ಫೋಟೋ ಹಳದಿಯಾಗಿ, ಪಟ್ಟೆ ಪಟ್ಟೆಯಾಗಿ ಬರುತ್ತೆ. ಯಾಕೆ?

ಹಳದಿ ಬರುವುದು ಬೇರೆ ಬೇರೆ ಬೆಳಕು ಬೆರೆತಾಗ. ವಿಡಿಯೋದವರ ಲೈಟ್ ಒಂದು ಬಣ್ಣ, ಮಂಟಪದ ಅಲಂಕಾರದ ಲೈಟ್ ಇನ್ನೊಂದು, ಕಿಟಕಿಯ ಬೆಳಕು ಮತ್ತೊಂದು. ಹಳೆ ಹ್ಯಾಲೊಜೆನ್ 3200 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಹತ್ತಿರ ಇದ್ದರೆ ಹಗಲು ಬೆಳಕು, ಫ್ಲ್ಯಾಶ್ 5500 ಹತ್ತಿರ. ಯಾವುದು ಮುಖದ ಮೇಲೆ ಜಾಸ್ತಿ ಬೀಳುತ್ತದೋ ಅದಕ್ಕೆ ವೈಟ್ ಬ್ಯಾಲೆನ್ಸ್ ಇಡಿ, ಆಮೇಲೆ ಬಣ್ಣ ತಿದ್ದಲು ಅನುಕೂಲವಾದ ರಾ ಫೈಲ್‌ನಲ್ಲಿ ತೆಗೆಯಿರಿ. ವಿಡಿಯೋದವರ ಲೈಟ್‌ಗೆ ಹೊಂದುವ ಜೆಲ್ ಕಾಗದವನ್ನು ಫ್ಲ್ಯಾಶ್‌ಗೆ ಹಾಕಿದರೆ ಅರ್ಧ ತಲೆನೋವು ಹೋಗುತ್ತದೆ.

ಪಟ್ಟೆ ಬರುವುದು ಎಲ್‌ಇಡಿ ಮಿನುಗುವುದರಿಂದ. ನಮ್ಮ ಕರೆಂಟ್ 50 ಹರ್ಟ್ಸ್, ಹಾಗಾಗಿ ಅಗ್ಗದ ಲೈಟುಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಸೈಲೆಂಟ್ ಶಟರ್ ಆಫ್ ಮಾಡಿ, ಮೆಕ್ಯಾನಿಕಲ್ ಶಟರ್ ಬಳಸಿ, ಆಂಟಿ ಫ್ಲಿಕರ್ ಇದ್ದರೆ ಆನ್ ಮಾಡಿ. ಶಟರ್ 1/50 ಅಥವಾ 1/100 ಸೆಕೆಂಡಿನಲ್ಲಿ ಇಟ್ಟರೆ ಪಟ್ಟೆ ಬಹುಪಾಲು ಹೋಗುತ್ತದೆ. ಆರತಕ್ಷತೆಯಲ್ಲಿ ಸಾಲಾಗಿ ನಿಂತವರ ಫೋಟೋಗೆ ಇದು ಸರಿ. ಮುಹೂರ್ತದ ಹೊತ್ತಿಗೆ ಫ್ಲ್ಯಾಶ್ ನಂಬಿಕೊಳ್ಳಿ.

ಕೆಂಪು ರೇಷ್ಮೆ ಸೀರೆಯ ಬಗ್ಗೆಯೂ ಎಚ್ಚರ. ಕೆಂಪು ಬಣ್ಣ ಬೇಗ ಉರಿದುಹೋಗಿ ಜರಿಯ ಕೆಲಸ ಅಳಿಸಿಹೋಗುತ್ತದೆ. ಸ್ವಲ್ಪ ಕತ್ತಲೆಯಾಗಿಯೇ ತೆಗೆದು ಆಮೇಲೆ ಎಡಿಟಿಂಗ್‌ನಲ್ಲಿ ಬೆಳಕು ಎತ್ತಿಕೊಳ್ಳಿ. ಆ ಸೀರೆಗೆ ಮನೆಯವರು ಕೊಟ್ಟ ಬೆಲೆ, ಆರಿಸಲು ಸುತ್ತಿದ ಅಂಗಡಿಗಳು ಅವರಿಗೆ ನೆನಪಿರುತ್ತವೆ.

## ಕ್ಯಾಂಡಿಡ್ ಮಾತ್ರ ಮಾಡ್ತೀನಿ ಅಂದ್ರೆ ನಡೆಯುತ್ತಾ?

ಪೋಸ್ ಕೊಡಿಸದೆ ಸಹಜವಾಗಿ ತೆಗೆಯುವ ಕ್ಯಾಂಡಿಡ್ ಮಾತ್ರ ಅಂದರೆ ಬೆಂಗಳೂರಿನಲ್ಲಿ ನಡೆಯಬಹುದು. ತಾಲ್ಲೂಕು ಮಟ್ಟದಲ್ಲಿ ಕಷ್ಟ. ಸ್ಟೇಜ್ ಮೇಲೆ ಬಂದ ಪ್ರತಿ ಕುಟುಂಬದ ಫೋಟೋ ಇರಬೇಕು ಅನ್ನುವುದು ಮನೆಯ ಹಿರಿಯರ ಆಸೆ, ಅದು ನ್ಯಾಯವಾದದ್ದೇ. ನಾಳೆ ಯಾರೋ ಚಿಕ್ಕಪ್ಪ ತೀರಿಕೊಂಡಾಗ ಮನೆಯವರು ಹುಡುಕುವುದು ಆ ಸಾಲು ಫೋಟೋವನ್ನೇ. ಹೀಗೆ ನಿಲ್ಲಿಸಿ ತೆಗೆಯುವ ಟ್ರೆಡಿಶನಲ್ ಕೆಲಸವನ್ನು ಕೀಳಾಗಿ ನೋಡುವ ಹೊಸಬರನ್ನು ಕಂಡರೆ ನನಗೆ ನೋವಾಗುತ್ತದೆ. ಅದನ್ನು ನೀಟಾಗಿ, ಎಲ್ಲರ ಕಣ್ಣು ತೆರೆದಿರುವಂತೆ, ಸಾಲು ನಿಲ್ಲದಂತೆ ತೆಗೆಯುವುದು ದೊಡ್ಡ ವಿದ್ಯೆ.

## ಮೊದಲ ಆರ್ಡರ್ ಎಲ್ಲಿಂದ ಬರುತ್ತೆ?

ನಿಮ್ಮ ಊರಿಂದಲೇ. ನಾಮಕರಣ, ಸೀಮಂತ, ನಿಶ್ಚಿತಾರ್ಥ ಇಂಥ ಸಣ್ಣ ಕಾರ್ಯಕ್ರಮಗಳಿಂದ ಶುರು ಮಾಡಿ. ಅಲ್ಲಿ ಬಂದ ನೆಂಟರೇ ಮುಂದಿನ ಪಾರ್ಟಿ, ಅಂದರೆ ಗಿರಾಕಿ. ಛತ್ರದ ಮ್ಯಾನೇಜರ್, ಅಡುಗೆ ಭಟ್ಟರು, ಡೆಕೊರೇಷನ್‌ನವರು, ಬ್ಯೂಟಿಷಿಯನ್ ಇವರ ಪರಿಚಯ ಇನ್‌ಸ್ಟಾಗ್ರಾಂ ಜಾಹೀರಾತಿಗಿಂತ ಜಾಸ್ತಿ ಕೆಲಸ ಮಾಡುತ್ತದೆ. ಮೇಕಪ್‌ನವರಿಗೆ ಅವರು ಮಾಡಿದ ಅಲಂಕಾರದ ನಾಲ್ಕು ಒಳ್ಳೆ ಫೋಟೋ ಕಳಿಸಿ, ಮದುಮಗಳ ಒಪ್ಪಿಗೆ ಕೇಳಿ. ತಾಲ್ಲೂಕಿನ ಫೋಟೋಗ್ರಾಫರುಗಳ ಸಂಘಕ್ಕೆ ಸೇರಿ. ಒಂದೇ ಮುಹೂರ್ತಕ್ಕೆ ಎರಡು ಆರ್ಡರ್ ಬಂದವರು ಒಂದನ್ನು ದಾಟಿಸುವುದು ಗೊತ್ತಿರುವವರಿಗೇ.

## ರೇಟ್ ಎಷ್ಟು ಹೇಳಲಿ?

ಪಕ್ಕದ ಸ್ಟುಡಿಯೋ ರೇಟಿಗೆ ಎರಡು ಸಾವಿರ ಕಮ್ಮಿ ಅಂತ ಹೇಳುವ ಅಭ್ಯಾಸ ಬಿಡಿ. ನಿಮ್ಮ ಲೆಕ್ಕ ನೀವು ಹಾಕಿ. ಒಂದು ಉದಾಹರಣೆ ಕೊಡುತ್ತೇನೆ, ಅಂಕಿಗಳು ಊರಿಂದ ಊರಿಗೆ ಬದಲಾಗುತ್ತವೆ.

ಆರತಕ್ಷತೆ, ಮುಹೂರ್ತ ಸೇರಿ 80,000 ರೂಪಾಯಿಯ ಆರ್ಡರ್ ಅಂದುಕೊಳ್ಳಿ. ಕ್ಯಾಂಡಿಡ್ ನೀವೇ. ಟ್ರೆಡಿಶನಲ್ ಫೋಟೋಗ್ರಾಫರ್‌ಗೆ ಎರಡು ದಿನಕ್ಕೆ 10,000. ವಿಡಿಯೋದವರಿಗೆ 12,000. ಲೈಟ್ ಬಾಯ್ 3,000. ಲೆನ್ಸ್ ಬಾಡಿಗೆ 3,000. ಆಲ್ಬಮ್ ಡಿಸೈನ್, ಪ್ರಿಂಟ್, ಬೈಂಡಿಂಗ್ 12,000. ವಿಡಿಯೋ ಮಿಕ್ಸಿಂಗ್ 8,000. ಓಡಾಟ, ತಿಂಡಿ 4,000. ಹಾರ್ಡ್ ಡಿಸ್ಕ್, ಪೆನ್‌ಡ್ರೈವ್ 2,000. ಒಟ್ಟು 54,000. ಉಳಿದದ್ದು 26,000. ಕ್ಯಾಮೆರಾ ಸವೆತಕ್ಕೆ 5,000 ಎತ್ತಿಟ್ಟರೆ 21,000.

ಅದು ಎರಡು ದಿನದ ಸಂಪಾದನೆ ಅಂತ ಅನ್ನಿಸುತ್ತದೆ, ಅಲ್ವಾ? ಆದರೆ ಮಾತುಕತೆ, ಫೋಟೋ ಆರಿಸುವುದು, ಕಲರ್ ತಿದ್ದುವುದು, ಆಲ್ಬಮ್ ತಿದ್ದುಪಡಿ ಎಲ್ಲ ಸೇರಿ ಇನ್ನೂ ಎಂಟು ದಿನ ಹೋಗುತ್ತದೆ. ಹತ್ತು ದಿನಕ್ಕೆ 21,000. ದಿನಕ್ಕೆ 2,100. ಇದೇ ಆರ್ಡರನ್ನು 60,000ಕ್ಕೆ ಒಪ್ಪಿಕೊಂಡರೆ ನಿಮ್ಮ ಕೈಯಲ್ಲಿ ಉಳಿಯುವುದು ಒಂದು ಸಾವಿರ. ಈ ಲೆಕ್ಕವನ್ನು ಒಂದು ಸಲ ಕಾಗದದ ಮೇಲೆ ಹಾಕಿದವರು ಆಮೇಲೆ ಚೌಕಾಸಿಗೆ ಹೆದರುವುದಿಲ್ಲ. ಬಜೆಟ್ ಕಮ್ಮಿ ಇರುವ ಮನೆಗೆ ಕೆಲಸವನ್ನೂ ಕಮ್ಮಿ ಮಾಡಿ ಕೊಡಿ. ಆಲ್ಬಮ್ ಶೀಟ್ ಕಡಿಮೆ ಮಾಡಿ, ಕ್ರೇನ್, ಎಲ್‌ಇಡಿ ವಾಲ್ ಬಿಡಿ, ಒಂದೇ ದಿನದ ಶೂಟ್ ಇಟ್ಟುಕೊಳ್ಳಿ.

## ನೆಂಟರು ಫ್ರೀಯಾಗಿ ಮಾಡಿಕೊಡು ಅಂತಾರೆ. ಹೇಗೆ ನಿಭಾಯಿಸೋದು?

ತೀರಾ ಹತ್ತಿರದವರ ಮದುವೆಗೆ ನಿಮ್ಮ ದುಡಿಮೆಯನ್ನು ಉಡುಗೊರೆ ಅಂತ ಕೊಡಿ. ಆಲ್ಬಮ್, ಪ್ರಿಂಟ್, ಜೊತೆಯವರ ಕೂಲಿ ಅವರೇ ಕೊಡಲಿ. "ಅತ್ತೆ, ನನ್ನ ಕೆಲಸ ನನ್ನ ಕಡೆಯಿಂದ, ಲ್ಯಾಬಿನ ಬಿಲ್ ಮಾತ್ರ ನಿಮ್ಮದು" ಅಂತ ಲಗ್ನಪತ್ರಿಕೆ ಹಂಚುವ ಮೊದಲೇ ಹೇಳಿಬಿಡಿ.

## ಅಡ್ವಾನ್ಸ್ ಎಷ್ಟು? ಅಗ್ರಿಮೆಂಟ್ ಬೇಕಾ?

ಬೇಕು. ಒಂದು ಪುಟ ಸಾಕು, ಕನ್ನಡದಲ್ಲೇ ಬರೆಯಿರಿ, ಇಬ್ಬರೂ ಸಹಿ ಹಾಕಿ. ತಾರೀಖು, ಜಾಗ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ, ಯಾರು ಬರುತ್ತಾರೆ, ಎಷ್ಟು ಶೀಟಿನ ಆಲ್ಬಮ್, ಯಾವ ಸೈಜು, ಫೋಟೋ ಸೆಲೆಕ್ಷನ್ ಎಷ್ಟು ದಿನದಲ್ಲಿ ಕೊಡಬೇಕು, ಅದಾದ ಮೇಲೆ ಎಷ್ಟು ದಿನದಲ್ಲಿ ಆಲ್ಬಮ್, ಎಷ್ಟು ಸಲ ತಿದ್ದುಪಡಿ, ಮದುವೆ ಮುಂದೆ ಹೋದರೆ ಅಡ್ವಾನ್ಸ್ ಏನಾಗುತ್ತದೆ. ಇಷ್ಟು ಇರಲಿ.

ದುಡ್ಡು ಮೂರು ಕಂತಿನಲ್ಲಿ ತಗೊಳ್ಳುವುದು ಒಳ್ಳೆಯದು. ಬುಕ್ ಮಾಡುವಾಗ ಶೇಕಡ 30, ಮದುವೆ ದಿನ ಶೇಕಡ 50, ಆಲ್ಬಮ್ ಪ್ರಿಂಟ್‌ಗೆ ಕಳಿಸುವ ಮೊದಲು ಶೇಕಡ 20. ಕೊನೆಯ ಕಂತನ್ನು ಆಲ್ಬಮ್ ಕೊಟ್ಟ ಮೇಲೆ ಅಂತ ಇಟ್ಟರೆ ಲ್ಯಾಬಿನ ಬಿಲ್ಲು ನಿಮ್ಮ ತಲೆ ಮೇಲೆ ಕೂರುತ್ತದೆ. ಮದುವೆ ಮುಗಿದ ಮನೆಯಲ್ಲಿ ದುಡ್ಡು ಖಾಲಿಯಾಗಿರುತ್ತದೆ. ಅವರಿಗೆ ಮೋಸ ಮಾಡುವ ಮನಸ್ಸು ಇರುವುದಿಲ್ಲ, ಕೈಯಲ್ಲಿ ಇರುವುದಿಲ್ಲ ಅಷ್ಟೇ.

## ಫೋಟೋ ತೆಗೆದದ್ದು ನಾನು. ಹಕ್ಕು ನನ್ನದೇ ಅಲ್ವಾ?

ಹೆಚ್ಚಿನವರು ಹಾಗೇ ಅಂದುಕೊಂಡಿದ್ದಾರೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಬೇರೆಯೇ ಹೇಳುತ್ತದೆ. ದುಡ್ಡು ಕೊಟ್ಟು ಯಾರು ಫೋಟೋ ತೆಗೆಸಿದರೋ ಅವರೇ ಮೊದಲ ಹಕ್ಕುದಾರರು, ಬೇರೆ ಒಪ್ಪಂದ ಇಲ್ಲದಿದ್ದರೆ. ಅಂದರೆ ಅಗ್ರಿಮೆಂಟಿನಲ್ಲಿ ಬರೆಯದೆ ಮದುಮಗಳ ಫೋಟೋವನ್ನು ನಿಮ್ಮ ಪೇಜಿಗೆ, ಫ್ಲೆಕ್ಸಿಗೆ ಹಾಕುವ ಅಧಿಕಾರ ನಿಮಗಿಲ್ಲ. ಒಂದು ಸಾಲು ಸೇರಿಸಿ: ಯಾವ ಫೋಟೋಗಳನ್ನು ಪ್ರಚಾರಕ್ಕೆ ಬಳಸಬಹುದು, ಎಲ್ಲಿ ಬಳಸಬಹುದು. ಬೇಡ ಅಂದವರದ್ದು ಬೇಡ. ಕಾನೂನು ಹೇಗೇ ಇರಲಿ, ಒಂದು ಹೆಣ್ಣುಮಗಳ ಮುಖ ಅವಳಿಗೆ ಗೊತ್ತಿಲ್ಲದೆ ಬೋರ್ಡ್ ಮೇಲೆ ಬರಬಾರದು.

ಹಾಡಿನ ವಿಷಯವೂ ಇದೇ. ಮದುವೆಯಲ್ಲಿ ಸಿನಿಮಾ ಹಾಡು ನುಡಿಸಲು ಕಾಯ್ದೆಯಲ್ಲಿ ವಿನಾಯಿತಿ ಇದೆ. ಆದರೆ ನೀವು ಮಾಡಿದ ಹೈಲೈಟ್ಸ್ ವಿಡಿಯೋಗೆ ಅದೇ ಹಾಡು ಹಾಕಿ ಯೂಟ್ಯೂಬಿಗೆ ಏರಿಸುವುದಕ್ಕೆ ಆ ವಿನಾಯಿತಿ ಸಿಗುವುದಿಲ್ಲ. ಲೈಸೆನ್ಸ್ ಇರುವ ಸಂಗೀತ ಬಳಸಿ, ಇಲ್ಲವೇ ಆ ಮದುವೆಯ ನಾದಸ್ವರವನ್ನೇ ಚೆನ್ನಾಗಿ ರೆಕಾರ್ಡ್ ಮಾಡಿಕೊಳ್ಳಿ.

## ಕಾರ್ಡ್ ಕೆಟ್ಟುಹೋದರೆ?

ಅದಕ್ಕೇ ಎರಡು ಸ್ಲಾಟ್ ಅಂದದ್ದು. ಎರಡರಲ್ಲೂ ಒಟ್ಟಿಗೆ ಬರೆಯುವಂತೆ ಇಡಿ. 24 ಮೆಗಾಪಿಕ್ಸೆಲ್‌ನ ಒಂದು ರಾ ಫೈಲ್ 25ರಿಂದ 30 ಎಂಬಿ ಅಂದರೂ 3,000 ಫೋಟೋಗೆ 90 ಜಿಬಿ ಬೇಕು. ಆ ರಾತ್ರಿಯೇ ಎರಡು ಬೇರೆ ಬೇರೆ ಡಿಸ್ಕಿಗೆ ಕಾಪಿ ಮಾಡಿ, ಎಷ್ಟೇ ಸುಸ್ತಾಗಿದ್ದರೂ. ಒಂದು ಡಿಸ್ಕ್ ಮನೆಯಲ್ಲಿ, ಒಂದು ಸ್ಟುಡಿಯೋದಲ್ಲಿ. ಕಾರ್ಡನ್ನು ಎರಡೂ ಕಾಪಿ ತೆರೆದು ನೋಡುವವರೆಗೆ ಫಾರ್ಮ್ಯಾಟ್ ಮಾಡಬೇಡಿ. ಊಟಕ್ಕೆ ಹೋಗುವಾಗ ಬ್ಯಾಗನ್ನು ಸ್ಟೇಜ್ ಹಿಂದೆ ಬಿಟ್ಟು ಹೋಗಬೇಡಿ, ಕಾರ್ಡುಗಳನ್ನು ಜೇಬಿನಲ್ಲಿ ಇಟ್ಟುಕೊಳ್ಳಿ.

## ಆಲ್ಬಮ್ ಯಾಕೆ ಯಾವಾಗಲೂ ತಡ ಆಗುತ್ತೆ?

ಈ ಉದ್ಯೋಗಕ್ಕೆ ಕೆಟ್ಟ ಹೆಸರು ಬಂದಿರುವುದೇ ಇದರಿಂದ. ಮದುವೆಯಾದ ಜೋಡಿಗೆ ಮಗು ಹುಟ್ಟಿದರೂ ಆಲ್ಬಮ್ ಬಂದಿಲ್ಲ ಅನ್ನುವ ಮಾತು ಎಲ್ಲ ಊರಲ್ಲೂ ಕೇಳುತ್ತದೆ. ಕಾರಣ ಎರಡು. ಸೀಸನ್‌ನಲ್ಲಿ ಸಿಕ್ಕಿದ ಆರ್ಡರೆಲ್ಲ ಒಪ್ಪಿಕೊಂಡು ಎಡಿಟಿಂಗ್ ಗುಡ್ಡೆ ಹಾಕಿಕೊಳ್ಳುವುದು ಒಂದು. ಮನೆಯವರು ಸೆಲೆಕ್ಷನ್ ಕೊಡದೇ ಇರುವುದು ಇನ್ನೊಂದು.

ಎರಡನೆಯದಕ್ಕೆ ಉಪಾಯ ಇದೆ. 3,000 ಫೋಟೋ ಕೊಟ್ಟು 200 ಆರಿಸಿ ಅಂದರೆ ಯಾರಿಗೂ ಆಗುವುದಿಲ್ಲ. ಹುಡುಗಿ ಕಡೆಯವರು ಒಂದು ಹೇಳುತ್ತಾರೆ, ಹುಡುಗನ ಕಡೆಯವರು ಇನ್ನೊಂದು. ನೀವೇ 300 ಆರಿಸಿ ಕೊಡಿ, ಬೇಡದ್ದನ್ನು ತೆಗೆಯಲು ಹೇಳಿ. ಹತ್ತಿರದ ನೆಂಟರ ಹೆಸರಿನ ಪಟ್ಟಿಯನ್ನು ಮದುವೆಗೆ ಮೊದಲೇ ಬರೆಸಿಕೊಂಡಿದ್ದರೆ ಯಾರೂ ಬಿಟ್ಟುಹೋಗುವುದಿಲ್ಲ. ಕೆಲಸ ಬೇಗ ಮುಗಿಯುತ್ತದೆ.

ಮದುವೆಯಾದ ಎರಡು ಮೂರು ದಿನದಲ್ಲಿ 30 ಫೋಟೋ ತಿದ್ದಿ ಕಳಿಸಿ. ಜೋಡಿ ಫೋಟೋದ ಪ್ರಿಂಟ್ ಎರಡು ಮೂರು ಕೈಗೆ ಕೊಡಿ. ವಿವಾಹ ನೋಂದಣಿಗೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗುವಾಗ ಮದುವೆಯ ಫೋಟೋ, ಲಗ್ನಪತ್ರಿಕೆ ಬೇಕಾಗುತ್ತದೆ. ಇಷ್ಟು ಸಣ್ಣ ಕೆಲಸವನ್ನು ಆ ಮನೆಯವರು ತುಂಬಾ ಕಾಲ ನೆನೆಯುತ್ತಾರೆ.

## ಪ್ರೀ ವೆಡ್ಡಿಂಗ್ ಶೂಟ್, ಡ್ರೋನ್ ಬಗ್ಗೆ ಏನು ಹೇಳ್ತೀರಾ?

ಮೊದಲು ಪ್ರಾಣ. 2020ರ ನವೆಂಬರ್‌ನಲ್ಲಿ ತಲಕಾಡು ಹತ್ತಿರ ಕಾವೇರಿಯಲ್ಲಿ ತೆಪ್ಪ ಮಗುಚಿ, ಮದುವೆಗೆ ಮುಂಚಿನ ಫೋಟೋ ತೆಗೆಸಿಕೊಳ್ಳುತ್ತಿದ್ದ ಮೈಸೂರಿನ ಜೋಡಿ ತೀರಿಕೊಂಡಿತು. ಆ ಸುದ್ದಿಯನ್ನು ಪ್ರತಿಯೊಬ್ಬ ಫೋಟೋಗ್ರಾಫರ್ ನೆನಪಿಟ್ಟುಕೊಳ್ಳಬೇಕು. ಹೊಳೆ, ಜಲಪಾತ, ರೈಲು ಹಳಿ, ಬಂಡೆಯ ಅಂಚು ಬೇಡ. ಜೋಡಿಯೇ ಕೇಳಿದರೂ ಬೇಡ ಅನ್ನಿ. ರೇಷ್ಮೆ ಸೀರೆ, ಲೆಹಂಗಾ ನೀರಿನಲ್ಲಿ ನೆನೆದರೆ ಈಜು ಬರುವವರೂ ಮೇಲೆ ಬರುವುದು ಕಷ್ಟ.

ಆಮೇಲೆ ಅನುಮತಿ. 2024ರ ಫೆಬ್ರವರಿಯಲ್ಲಿ ಚಿತ್ರದುರ್ಗ ಜಿಲ್ಲೆಯ ಸರ್ಕಾರಿ ಆಸ್ಪತ್ರೆಯೊಂದರ ಆಪರೇಷನ್ ಕೊಠಡಿಯಲ್ಲಿ ಪ್ರೀ ವೆಡ್ಡಿಂಗ್ ಶೂಟ್ ಮಾಡಿಸಿದ ಗುತ್ತಿಗೆ ವೈದ್ಯರು ಕೆಲಸ ಕಳೆದುಕೊಂಡರು. ಹಂಪಿ, ಬೇಲೂರಿನಂಥ ಸ್ಮಾರಕಗಳು ಪುರಾತತ್ವ ಇಲಾಖೆಯದ್ದು, ಲಾಲ್‌ಬಾಗ್, ಕಬ್ಬನ್ ಪಾರ್ಕ್ ತೋಟಗಾರಿಕೆ ಇಲಾಖೆಯದ್ದು. ಕೇಳದೆ ಟ್ರೈಪಾಡ್ ಬಿಚ್ಚಬೇಡಿ. ನನ್ನನ್ನು ಕೇಳಿದರೆ ಹುಡುಗಿಯ ಊರಿನ ಕೆರೆ ಏರಿ, ಹುಡುಗನ ಮನೆಯ ತೋಟ ಇವೇ ಚೆಂದ. ಆ ಫೋಟೋ ಅವರದ್ದೇ ಆಗಿರುತ್ತದೆ.

ಡ್ರೋನ್‌ಗೆ 2021ರ ನಿಯಮಗಳಿವೆ. 250 ಗ್ರಾಂಗಿಂತ ಜಾಸ್ತಿ ತೂಕದ್ದನ್ನು ದುಡ್ಡಿಗಾಗಿ ಹಾರಿಸಲು ರಿಮೋಟ್ ಪೈಲಟ್ ಸರ್ಟಿಫಿಕೇಟ್ ಬೇಕು, ಡ್ರೋನ್ ನೋಂದಣಿ ಆಗಿರಬೇಕು. ಮೊದಲೇ ಅನುಮತಿ ಬೇಡದ ಹಸಿರು ವಲಯದಲ್ಲಿ 400 ಅಡಿವರೆಗೆ ಹಾರಿಸಬಹುದು. ಬೆಂಗಳೂರಿನಲ್ಲಿ ಎಚ್‌ಎಎಲ್, ಯಲಹಂಕ, ಜಕ್ಕೂರು ವಿಮಾನ ನೆಲೆಗಳು ಇರುವುದರಿಂದ ಎಷ್ಟೋ ಛತ್ರಗಳ ಮೇಲೆ ಹಾಗೇ ಹಾರಿಸುವಂತಿಲ್ಲ. ಎಲ್ಲಿ ಹಾರಿಸಬಹುದು ಅಂತ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡಿಯೇ ಪಾರ್ಟಿಗೆ ಮಾತು ಕೊಡಿ.

## ನೋಂದಣಿ, ತೆರಿಗೆ, ಸಾಲ ಇವೆಲ್ಲ ಹೇಗೆ?

ಸ್ಟುಡಿಯೋ ತೆರೆದರೆ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಮಾಡಿಸಿ. ಸಣ್ಣ ಉದ್ದಿಮೆಗಳಿಗೆ ಇರುವ ಉದ್ಯಮ್ ನೋಂದಣಿ ಆನ್‌ಲೈನ್‌ನಲ್ಲಿ ಉಚಿತ, ಅದಕ್ಕೆ ಯಾರಿಗೂ ದುಡ್ಡು ಕೊಡಬೇಡಿ. ಸೇವೆ ಕೊಡುವವರಿಗೆ ವರ್ಷದ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ನೋಂದಣಿ ಇಲ್ಲದೆ ಬಿಲ್ಲಿನಲ್ಲಿ ಜಿಎಸ್‌ಟಿ ಹಾಕಬಾರದು. ಆದಾಯ ಕಡಿಮೆ ಇದ್ದರೂ ರಿಟರ್ನ್ಸ್ ಸಲ್ಲಿಸಿ, ಮುಂದೆ ಸಾಲ ಕೇಳುವಾಗ ಬ್ಯಾಂಕಿನವರು ಮೊದಲು ನೋಡುವುದು ಅದನ್ನೇ.

ಮುದ್ರಾ ಯೋಜನೆಯಲ್ಲಿ ಅಡಮಾನ ಇಲ್ಲದೆ ಸಾಲ ಸಿಗುತ್ತದೆ. ಶಿಶು ಅಂದರೆ 50,000 ವರೆಗೆ, ಕಿಶೋರ 5 ಲಕ್ಷದವರೆಗೆ, ತರುಣ 10 ಲಕ್ಷದವರೆಗೆ. ಮೊದಲ ವರ್ಷ ಕಿಶೋರಕ್ಕಿಂತ ಮೇಲೆ ಹೋಗಬೇಡಿ ಅನ್ನುವುದು ನನ್ನ ಮಾತು. ಕಂತು ಪ್ರತಿ ತಿಂಗಳೂ ಬರುತ್ತದೆ, ಮದುವೆ ಪ್ರತಿ ತಿಂಗಳೂ ಇರುವುದಿಲ್ಲ.

## ಆಷಾಢದಲ್ಲಿ ಜೀವನ ಹೇಗೆ?

ಆಷಾಢ, ಪಿತೃಪಕ್ಷ, ಧನುರ್ಮಾಸ ಈ ಹೊತ್ತಿನಲ್ಲಿ ಮದುವೆಗಳು ನಿಂತುಬಿಡುತ್ತವೆ. ಇದರ ಮೇಲೆ ಅಧಿಕ ಮಾಸ, ಗುರು ಶುಕ್ರರ ಮೌಢ್ಯ (ಆ ಗ್ರಹಗಳು ಸೂರ್ಯನ ಹತ್ತಿರ ಬಂದು ಕಾಣದಿರುವ ಕಾಲ) ಬಂದರೆ ಸೀಸನ್ ಇನ್ನೂ ಚಿಕ್ಕದಾಗುತ್ತದೆ. 2023ರಲ್ಲಿ ಶ್ರಾವಣವೇ ಅಧಿಕವಾಗಿ ಬಂತು. 2026ರಲ್ಲಿ ಅಧಿಕ ಜ್ಯೇಷ್ಠ, ಮೇ ನಡುವಿನಿಂದ ಜೂನ್ ನಡುವಿನವರೆಗೆ. ಮೇ ಅಂದರೆ ನಮ್ಮ ದುಡಿಮೆಯ ತಿಂಗಳು. ಹೊಸ ಪಂಚಾಂಗ ಬಂದ ಕೂಡಲೇ ಮುಹೂರ್ತದ ದಿನಗಳನ್ನು ಗುರುತು ಮಾಡಿಕೊಂಡು ವರ್ಷದ ಲೆಕ್ಕ ಹಾಕಿ.

ಖಾಲಿ ತಿಂಗಳಲ್ಲಿ ಬಾಕಿ ಆಲ್ಬಮ್ ಮುಗಿಸಿ, ಕ್ಯಾಮೆರಾ ಸರ್ವಿಸ್ ಮಾಡಿಸಿ. ಶಾಲೆಯ ಗ್ರೂಪ್ ಫೋಟೋ, ಮಕ್ಕಳ ಹುಟ್ಟುಹಬ್ಬ, ಅಂಗಡಿಗಳ ವಸ್ತುಗಳ ಫೋಟೋ ಇಂಥ ಕೆಲಸ ಹಿಡಿಯಿರಿ. ಸೀಸನ್‌ನಲ್ಲಿ ಬಂದ ದುಡ್ಡಿನಲ್ಲಿ ನಾಲ್ಕು ತಿಂಗಳ ಮನೆ ಖರ್ಚು ಬೇರೆ ಖಾತೆಯಲ್ಲಿ ಇರಲಿ.

## ಹೆಣ್ಣುಮಕ್ಕಳು ಈ ಕೆಲಸಕ್ಕೆ ಬರಬಹುದಾ?

ಬರಬೇಕು. ಮದುಮಗಳ ಕೋಣೆಯಲ್ಲಿ ಸೀರೆ ಉಡಿಸುವ ಹೊತ್ತು, ಅಮ್ಮ ಒಡವೆ ಹಾಕುವ ಹೊತ್ತು ಗಂಡಸರು ಬಾಗಿಲ ಹೊರಗೇ ನಿಲ್ಲಬೇಕು. ಅಲ್ಲಿ ನಡೆಯುವ ಮಾತು, ನಗು, ಅಳು ಎಷ್ಟೋ ಆಲ್ಬಮ್‌ಗಳಲ್ಲಿ ಇಲ್ಲವೇ ಇಲ್ಲ. ಕಷ್ಟ ಇರುವುದು ರಾತ್ರಿ ಪ್ರಯಾಣದಲ್ಲಿ. ಅಗ್ರಿಮೆಂಟಿನಲ್ಲೇ ಛತ್ರದಲ್ಲಿ ಬೀಗ ಇರುವ ಕೋಣೆ ಅಥವಾ ವಾಪಸ್ ಹೋಗಲು ಗಾಡಿ ಅಂತ ಬರೆಸಿಕೊಳ್ಳಿ. ಕೇಳಲು ಸಂಕೋಚ ಬೇಡ.

## ಹುಡುಗಿ ತುಂಬಾ ಚಿಕ್ಕವಳ ಥರ ಕಾಣ್ತಾಳೆ. ನನಗೇನು, ಫೋಟೋ ತೆಗೆದು ಬಂದರೆ ಸಾಕಾ?

ಸಾಲದು. ಹುಡುಗಿಗೆ 18, ಹುಡುಗನಿಗೆ 21 ತುಂಬಿರಬೇಕು. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯಲ್ಲಿ ಇಂಥ ಮದುವೆ ಮಾಡಿಸಿದವರಿಗೆ, ಅದಕ್ಕೆ ನೆರವಾದವರಿಗೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಇದೆ. ಬುಕಿಂಗ್ ಮಾಡುವಾಗಲೇ ಇಬ್ಬರ ವಯಸ್ಸಿನ ದಾಖಲೆಯ ಪ್ರತಿ ತಗೊಳ್ಳುವುದನ್ನು ಎಲ್ಲರಿಗೂ ಒಂದೇ ನಿಯಮ ಅಂತ ಮಾಡಿಕೊಳ್ಳಿ. ಆಗ ಯಾರಿಗೂ ಅವಮಾನ ಅನ್ನಿಸುವುದಿಲ್ಲ. ಅನುಮಾನ ಬಂದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಆರ್ಡರ್ ಹೋದರೆ ಹೋಗಲಿ.

## ಇರುವ ಕೆಲಸ ಬಿಟ್ಟು ಪೂರ್ತಿ ಇದಕ್ಕೇ ಯಾವಾಗ ಇಳಿಯಬಹುದು?

ಮೂರು ವಿಷಯ ನೋಡಿ. ಮುಂದಿನ ಸೀಸನ್‌ಗೆ ಅಡ್ವಾನ್ಸ್ ಬಂದ ಆರ್ಡರುಗಳ ಲಾಭದಲ್ಲಿ (ಒಟ್ಟು ಮೊತ್ತದಲ್ಲಿ ಅಲ್ಲ, ಮೇಲಿನ ಲೆಕ್ಕದಂತೆ ಉಳಿಯುವ ಲಾಭದಲ್ಲಿ) ಆರು ತಿಂಗಳ ಮನೆ ಖರ್ಚು ಹೊರಡುತ್ತದಾ? ಹಳೆ ಪಾರ್ಟಿಗಳ ಮೂಲಕವೇ ಹೊಸ ಪಾರ್ಟಿ ಬರುತ್ತಿದ್ದಾರಾ? ಕೊಡಬೇಕಾದ ಆಲ್ಬಮ್ ಒಂದೂ ಬಾಕಿ ಇಲ್ವಾ? ಮೂರಕ್ಕೂ ಹೌದು ಅನ್ನಿಸಿದರೆ ಮನೆಯವರ ಜೊತೆ ಕೂತು ಮಾತಾಡಿ, ಮಾಘ ಮಾಸದ ಮುಹೂರ್ತಗಳು ಶುರುವಾಗುವ ಎರಡು ತಿಂಗಳ ಮೊದಲು ನೋಟಿಸ್ ಕೊಡಿ. ಮೂರನೆಯದಕ್ಕೆ ಇಲ್ಲ ಅಂತಿದ್ದರೆ ಮೊದಲು ಆ ಆಲ್ಬಮ್ ಮುಗಿಸಿ ಕೊಡಿ.